ರಾಗಕ್ಕೆ ಅಂಕಿತ ಇಲ್ಲ

ನಾಡಗೀತೆಯ ಧಾಟಿ ಯಾವುದು ಅನ್ನುವ ಜಗಳ ನೆನಪಿದೆ ಅಲ್ವಾ? ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಕವಿತೆ 2004ರಲ್ಲಿ ನಾಡಗೀತೆಯಾಯಿತು. ಪದ ಯಾರದ್ದು ಅಂತ ಯಾರಿಗೂ ಅನುಮಾನ ಇರಲಿಲ್ಲ. ಹಾಡುವುದು ಮಾತ್ರ ಮೈಸೂರು ಅನಂತಸ್ವಾಮಿ ಧಾಟಿಯಲ್ಲೋ, ಸಿ. ಅಶ್ವತ್ಥ್ ಧಾಟಿಯಲ್ಲೋ? ಸಮಿತಿಗಳು ಕೂತವು, ಎದ್ದವು. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಗೆ ಒಪ್ಪಿಗೆ ಕೊಟ್ಟು, ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕು ಅಂತಲೂ ಹೇಳಿತು. ಅದರ ವಿರುದ್ಧದ ಅರ್ಜಿ 2024ರಲ್ಲಿ ಹೈಕೋರ್ಟಿನಲ್ಲಿ ವಜಾ ಆಯಿತು.

ಆ ಒಂದು ಹಾಡಿನ ಮಟ್ಟಿಗೆ ಜಗಳ ಮುಗಿಯಿತು. ರಾಗ ಹಾಕಿದವರಿಗೆ ತಮ್ಮ ರಾಗದ ಮೇಲೆ ಹಕ್ಕೆಷ್ಟು ಅನ್ನುವುದು ಮಾತ್ರ ಇನ್ನೂ ಗೋಜಲಾಗಿಯೇ ಇದೆ. ಶಿವಮೊಗ್ಗದಂಥ ಊರಲ್ಲಿ ಮನೆಯಲ್ಲೇ ಪಾಠ ಹೇಳುತ್ತಾ, ಹೊಸ ಕೃತಿ, ಹೊಸ ಹಾಡು ಕಟ್ಟಿ, ಸ್ವರ ಹಾಕಿದ ಪುಸ್ತಕವನ್ನು ತಾವೇ ಅಚ್ಚು ಹಾಕಿಸುವವರಿಗೆ ಇದು ದಿನದ ತಲೆನೋವು.

ಶಾಸ್ತ್ರೀಯ ಸಂಗೀತದಲ್ಲಿ ಈ ತೊಂದರೆ ಕಡಿಮೆ ಇತ್ತು. ಪದವೂ ರಾಗವೂ ಒಬ್ಬರದ್ದೇ. ಅವರಿಗೇ ವಾಗ್ಗೇಯಕಾರ ಅನ್ನುವುದು. ಕೊನೆಯ ಚರಣದಲ್ಲಿ ಅಂಕಿತ, ಅಂದರೆ ಕಟ್ಟಿದವರ ಗುರುತಿನ ಹೆಸರು, ಕೂತಿರುತ್ತದೆ. ಮೈಸೂರು ವಾಸುದೇವಾಚಾರ್ಯರ ಕೃತಿ ಯಾವ ಊರಿಗೆ ಹೋದರೂ ‘ವಾಸುದೇವ’ ಜೊತೆಗೇ ಹೋಗುತ್ತಾನೆ. ಸ್ವರ ಬರೆದಿಡುವ ರೂಢಿಯೂ ಬಂತು. ಎಟ್ಟಯಾಪುರದ ಸುಬ್ಬರಾಮ ದೀಕ್ಷಿತರು 1904ರಲ್ಲಿ ಅಚ್ಚು ಹಾಕಿಸಿದ ದೊಡ್ಡ ಗ್ರಂಥದಲ್ಲಿ ಗಮಕಗಳಿಗೂ, ಅಂದರೆ ಸ್ವರವನ್ನು ಆಡಿಸುವ ಬಗೆಗಳಿಗೂ, ಬೇರೆ ಬೇರೆ ಗುರುತುಗಳಿವೆ. ಅಷ್ಟು ಕಷ್ಟಪಟ್ಟು ಬರೆಯುವವರು ಆಮೇಲೆ ಜಾಸ್ತಿ ಸಿಗಲಿಲ್ಲ, ಆ ಮಾತು ಬೇರೆ.

ನಮ್ಮ ಕಡೆ ಇದಕ್ಕೆ ಪೂರ್ತಿ ಉಲ್ಟಾ ಇರುವ ಪದ್ಧತಿಯೂ ಇದೆ. ಶಿವಮೊಗ್ಗದ ಪಕ್ಕದಲ್ಲೇ, ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗದಲ್ಲಿ ಓದುವ ಕಲೆಗೆ, ಹೆಸರಾದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕದಲ್ಲಿ ಕುಮಾರವ್ಯಾಸನ ಪದ್ಯಕ್ಕೆ ಇಂಥದ್ದೇ ರಾಗ ಅಂತ ಇಲ್ಲ. ಸಂದರ್ಭ ನೋಡಿಕೊಂಡು, ಭಾವ ನೋಡಿಕೊಂಡು ಗಮಕಿ ಹಿಡಿದದ್ದೇ ರಾಗ. ನಾಳೆ ಅದೇ ಪದ್ಯ, ಬೇರೆ ರಾಗ. ‘ಇದು ಯಾರ ಧಾಟಿ’ ಅಂತ ಕೇಳಿದರೆ ಕೂತವರು ನಕ್ಕಾರು. ನಮ್ಮವರು ರಾಗ ಹಾಕಿದವರ ಹೆಸರು ಕೇಳದೇ ಇರುವುದಕ್ಕೆ ಈ ಅಭ್ಯಾಸವೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ಭಾವಗೀತೆಯಲ್ಲಿ ಎರಡೂ ಬೆರೆತವು. ಪದ ಕವಿಯದ್ದು, ರಾಗ ಇನ್ನೊಬ್ಬರದ್ದು, ಗಂಟಲು ಮತ್ತೊಬ್ಬರದ್ದು. ಅಂಕಿತ ಹಾಕಲು ಜಾಗವೇ ಇಲ್ಲ. ಪಿ. ಕಾಳಿಂಗರಾಯರ ಕಾಲದಲ್ಲಿ ರಾಗ ಹಾಕಿದವರೇ ಹಾಡುತ್ತಿದ್ದರಿಂದ ಗುರುತು ಉಳಿಯಿತು. ಆಮೇಲೆ ಕ್ಯಾಸೆಟ್ ಬಂತು.

ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ. ಕವಿ ನಿಸಾರ್ ಅಹಮದ್ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನದ ಮೇಷ್ಟ್ರಾಗಿದ್ದವರು. ಆ ಹಾಡಿನಲ್ಲಿ ಜೋಗ ಇದೆ, ತುಂಗೆ ಇದೆ. ರಾಗ ಅನಂತಸ್ವಾಮಿಯವರದ್ದು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಲ್ಲಿ ಹುಟ್ಟಿದ ವಕೀಲ ಶಿವಮೊಗ್ಗ ಸುಬ್ಬಣ್ಣ ‘ಕಾಡು ಕುದುರೆ’ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದರು. ಮುಂದಿನ ಹದಿನೈದು ವರ್ಷ ಮಲೆನಾಡಿನ ಮನೆಗಳಲ್ಲಿ ಮಳೆಗಾಲ ಅಂದರೆ ಟೇಪ್ ರೆಕಾರ್ಡರು. ಕರೆಂಟ್ ಇದ್ದರೆ ಹಾಡು, ಹೋದರೆ ಪೆನ್ಸಿಲ್ ತೂರಿಸಿ ಸುರುಳಿ ಸುತ್ತುವ ಕೆಲಸ.

ಆ ಕ್ಯಾಸೆಟ್ಟಿನ ಒಳಗಿನ ಚೀಟಿ ನನಗೆ ಬಹಳ ಇಷ್ಟ. ನಮ್ಮ ಮನೆಯಲ್ಲಿ ಒಂದು ಡಬ್ಬಿ ತುಂಬ ಇವೆ. ಬಿಚ್ಚಿದರೆ ಮಡಿಕೆಯಲ್ಲಿ ಹರಿದುಬರುತ್ತವೆ. ಮುಂದೆ ಗಾಯಕರ ಫೋಟೋ, ದಪ್ಪ ಅಕ್ಷರದಲ್ಲಿ ಕವಿಯ ಹೆಸರು, ಒಳಗೆ ಸಾಹಿತ್ಯ. ದೊಡ್ಡ ಹೆಸರಾದರೆ ‘ಸಂಗೀತ’ ಅಂತ ಒಂದು ಸಾಲು ಮುಂದೆಯೇ ಇರುತ್ತದೆ. ಸಣ್ಣಪುಟ್ಟ ಕ್ಯಾಸೆಟ್ಟುಗಳಲ್ಲಿ ಆ ಸಾಲು ಕೆಳಕ್ಕೆ ಜಾರಿ, ಕೊಳಲು ತಬಲಾದವರ ಜೊತೆ ಸೇರಿ, ಕೆಲವು ಕಡೆ ಕಾಣೆಯೇ ಆಗಿದೆ. ಯಾರೂ ಬೇಕು ಅಂತ ಅಳಿಸಿದ್ದಲ್ಲ. ಚೀಟಿ ಚಿಕ್ಕದು, ಅಷ್ಟೇ. ರಾಗ ಹಾಕಿದವರಿಗೆ ದುಡ್ಡೂ ಸಾಮಾನ್ಯವಾಗಿ ಒಂದೇ ಸಲ ಕೈಗೆ ಬರುತ್ತಿತ್ತು. ಸಹಿ ಹಾಕಿದ ಕಾಗದವನ್ನು ಓದಿದವರು ಕಡಿಮೆ.

ಕಾನೂನೂ ಆಗ ಅವರ ಕಡೆ ಇರಲಿಲ್ಲ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಸಂಗೀತ ಕೃತಿ ಅಂದರೆ ಬರೆದದ್ದು ಅಥವಾ ಅಚ್ಚಾದದ್ದು ಮಾತ್ರ. ಬಾಯಲ್ಲಿ ಗುನುಗಿ, ಹಾರ್ಮೋನಿಯಂ ಒತ್ತಿ ಕಲಿಸಿದ ರಾಗ ಲೆಕ್ಕಕ್ಕೇ ಇಲ್ಲ! ಕಿವಿಯಿಂದ ಕಿವಿಗೆ ದಾಟುವ ನಮ್ಮ ಸಂಗೀತಕ್ಕೆ ಇದೆಂಥ ಅಳತೆಗೋಲು? 1994ರಲ್ಲಿ ತಿದ್ದುಪಡಿಯಾಗಿ, ಬರೆಯದ ಸಂಗೀತವೂ ಸಂಗೀತವೇ ಅಂತಾಯಿತು. ಅದು ಜಾರಿಗೆ ಬಂದದ್ದು 1995ರ ಮೇ ತಿಂಗಳಲ್ಲಿ. ಅನಂತಸ್ವಾಮಿ ಅದೇ ವರ್ಷ, ಅದಕ್ಕೂ ಮೊದಲೇ ತೀರಿಕೊಂಡಿದ್ದರು. 2012ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಹಕ್ಕು ಬರೆದುಕೊಟ್ಟರೂ ರಾಯಲ್ಟಿಯಲ್ಲಿ ಕವಿಗೂ ರಾಗ ಹಾಕಿದವರಿಗೂ ಪಾಲು ತಪ್ಪುವಂತಿಲ್ಲ. ಆದರೆ ಪಾಲು ಬರಬೇಕಾದರೆ ಇದು ನನ್ನದು ಅಂತ ತೋರಿಸಬೇಕಲ್ಲ. ಅದಕ್ಕೆ ಮತ್ತೆ ಕಾಗದವೇ ಬೇಕು.

ಈಗ ಕ್ಯಾಸೆಟ್ ಇಲ್ಲ. ಫೋನು ಇದ್ದವರೆಲ್ಲ ಪ್ರಕಾಶಕರು. ಸ್ವರಲಿಪಿ ಪಿಡಿಎಫ್ ಆಗಿ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಎರಡನೇ ಫಾರ್ವರ್ಡಿಗೆ ಮೊದಲ ಪುಟ ಬಿದ್ದುಹೋಗಿರುತ್ತದೆ. ಹೆಸರು ಇದ್ದದ್ದು ಆ ಪುಟದಲ್ಲಿ.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಾನು ಸಂಗೀತ ಕಲಿತ ಟೀಚರ್ ಒಬ್ಬರಿದ್ದಾರೆ. ಮಕ್ಕಳ ರಾಜ್ಯೋತ್ಸವಕ್ಕೆ ಅಂತ ಅವರು ಹಿಂದೊಮ್ಮೆ ಒಂದು ಕವಿತೆಗೆ ಕಲ್ಯಾಣಿ ರಾಗ ಹಾಕಿದ್ದರು. ಹೋದ ವರ್ಷ ಒಂದು ಸ್ಪರ್ಧೆಯ ವಿಡಿಯೋದಲ್ಲಿ ಅದೇ ಹಾಡು ಕೇಳಿಸಿತು. ಕೆಳಗೆ ‘ಸಂಗೀತ: ಸಾಂಪ್ರದಾಯಿಕ’ ಅಂತ ಬರೆದಿತ್ತು. ಓಡಿಹೋಗಿ ತೋರಿಸಿದೆ. ಕನ್ನಡಕ ಏರಿಸಿ ಕೇಳಿದರು. ಕೋಪ ಬಂದದ್ದೂ ನಿಜ, ಆದರೆ ಬೇರೆ ಕಾರಣಕ್ಕೆ. ‘ಎಂಥ ಮಾರಾಯ, ಚರಣದಲ್ಲಿ ಗಾಂಧಾರ ಸ್ವರ ಹೀಗಾ ನಾನು ಹೇಳಿಕೊಟ್ಟಿದ್ದು?’

ಆ ಹಾಡು ಇರುವ ನೋಟ್‌ಬುಕ್ ತೆಗೆಸಿದೆ. ಉದ್ದನೆಯದು, ಅಂಗಡಿ ಲೆಕ್ಕದ ಪುಸ್ತಕದ ಥರ. ಮೇಲೆ ಸ್ವರ, ಕೆಳಗೆ ಸಾಹಿತ್ಯ, ಆವರ್ತಕ್ಕೊಂದು ಜೋಡಿ ಗೆರೆ, ಎಲ್ಲ ಪೆನ್ಸಿಲಿನಲ್ಲಿ. ತಲೆಯ ಮೇಲೆ ರಾಗ ಇದೆ, ತಾಳ ಇದೆ, ಕವಿಯ ಹೆಸರಿದೆ. ‘ನಿಮ್ಮ ಹೆಸರು, ತಾರೀಕು ಹಾಕಿ, ಪೆನ್ನಲ್ಲಿ ಹಾಕಿ’ ಅಂದೆ. ಹೆಸರು ಬರೆದರು, ಪೆನ್ಸಿಲಿನಲ್ಲೇ. ಆಮೇಲೆ ರಬ್ಬರ್ ತೆಗೆದುಕೊಂಡು ಎರಡನೇ ಸಾಲಿನ ಗಾಂಧಾರ ಅಳಿಸತೊಡಗಿದರು. ‘ತಡಿ, ಇಲ್ಲಿ ನಾನೇ ಸರಿಯಾಗಿ ಬರೆದಿಲ್ಲ.’