ಉಪ್ಪುನೀರಿನ ಟ್ಯಾಂಕ್ ಹೊಸ ಮನೆಗೆ: ಹಳೇ ನೀರನ್ನೆಲ್ಲ ಹೊತ್ತೊಯ್ಯಬೇಕಾ?

ಪ್ರಶ್ನೆ: ನಮ್ಮದು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್. ಮೂರು ವರ್ಷವಾಯಿತು. ಮೀನುಗಳಲ್ಲಿ ಒಂದು ಜೋಡಿ ಕ್ಲೌನ್, ಒಂದು ಡ್ಯಾಮ್ಸೆಲ್, ಒಂದು ಚಿಕ್ಕ ಟ್ಯಾಂಗ್, ಜೊತೆಗೆ ಎರಡು ಕ್ಲೀನರ್ ಸೀಗಡಿ ಇವೆ. ಕೋಲಾರದ ಬಾಡಿಗೆ ಮನೆಯಿಂದ ಬಂಗಾರಪೇಟೆ ಕಡೆ ಕಟ್ಟಿಸಿರುವ ಸ್ವಂತ ಮನೆಗೆ ಹೋಗುತ್ತಿದ್ದೇವೆ. ಹಳೇ ನೀರು ಪೂರ್ತಿ ತೆಗೆದುಕೊಂಡು ಹೋಗಲೇಬೇಕು, ಇಲ್ಲದಿದ್ದರೆ ಮೀನು ಸಾಯುತ್ತವೆ ಎನ್ನುತ್ತಾರೆ. ನಿಜವಾ? ಅರ್ಧ ನೀರು ಬಿಟ್ಟು, ಟ್ಯಾಂಕನ್ನೇ ನಾಲ್ಕು ಜನ ಎತ್ತಿ ಗಾಡಿಗೆ ಇಟ್ಟರೆ ಆಗಲ್ವಾ?

ಉತ್ತರ: ಎರಡನೇ ಪ್ರಶ್ನೆಯನ್ನು ಮೊದಲು ಮುಗಿಸೋಣ. ಆಗಲ್ಲ. ನಿಮ್ಮ ಟ್ಯಾಂಕಿನ ಅಳತೆಗೆ ಸುಮಾರು 240 ಲೀಟರ್ ಹಿಡಿಯುತ್ತದೆ. ಉಪ್ಪುನೀರು ಲೀಟರಿಗೆ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿಯೇ ತೂಗುತ್ತದೆ. ಅರ್ಧ ನೀರು, ಕಲ್ಲು, ಮರಳು, ಗಾಜು ಎಲ್ಲ ಸೇರಿದರೆ ಕಾಲು ಟನ್ನಿನ ಹತ್ತಿರ ಬರುತ್ತದೆ. ಎತ್ತುವಾಗ ಒಂದು ಮೂಲೆ ತುಸು ಕೆಳಗಾದರೂ ನೀರೆಲ್ಲ ಆ ಕಡೆಗೆ ಓಡುತ್ತದೆ, ತಳದ ಗಾಜು ತಿರುಚಿಕೊಳ್ಳುತ್ತದೆ, ಸಿಲಿಕಾನ್ ಅಂಟು ಬಿಡುತ್ತದೆ. ಅವತ್ತೇ ಸೋರಿದರೆ ಪುಣ್ಯ. ಎಷ್ಟೋ ಸಲ ಹೊಸ ಮನೆಯಲ್ಲಿ ಎಲ್ಲ ಜೋಡಿಸಿ ಮಲಗಿದ ಮೇಲೆ ಸೋರುತ್ತದೆ. ಟ್ಯಾಂಕ್ ಪೂರ್ತಿ ಖಾಲಿಯಾಗಿಯೇ ಹೋಗಬೇಕು.

ಈಗ ಹಳೇ ನೀರಿನ ವಿಷಯ. ಪೂರ್ತಿ ಒಯ್ಯುವ ಅಗತ್ಯ ಇಲ್ಲ. ಈ ನಂಬಿಕೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ: ಮೂರು ವರ್ಷ ಹದವಾಗಿರುವ ನೀರು, ಅದನ್ನು ಚೆಲ್ಲಿದರೆ ಎಲ್ಲ ಹೋಯ್ತು ಅನ್ನಿಸುತ್ತದೆ. ಆದರೆ ಟ್ಯಾಂಕಿನ ಜೀವ ಇರುವುದು ನೀರಿನಲ್ಲಲ್ಲ, ಕಲ್ಲಿನಲ್ಲಿ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ಅದು ಮೀನಿಗೇ ವಿಷ. ತಿನ್ನದೆ ಉಳಿದ ತಿಂಡಿ ಕೊಳೆತರೂ ಅಮೋನಿಯಾನೇ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಅದನ್ನು ಅಷ್ಟೇನೂ ತೊಂದರೆ ಕೊಡದ ನೈಟ್ರೇಟ್ ಮಾಡುತ್ತದೆ. ಇವು ನೀರಿನಲ್ಲಿ ತೇಲಾಡಿಕೊಂಡು ಇರುವುದು ಬಹಳ ಕಡಿಮೆ. ಕಲ್ಲಿನ ಸಣ್ಣ ಸಣ್ಣ ತೂತುಗಳಲ್ಲಿ, ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನ ಮೇಲ್ಪದರದಲ್ಲಿ ಅಂಟಿಕೊಂಡಿರುತ್ತವೆ. ಪಕ್ಕದ ಮನೆಯವರು ಹೆಪ್ಪು ಕೇಳಿದರೆ ನಾವು ಗಟ್ಟಿ ಮೊಸರು ಒಂದು ಚಮಚ ಕೊಡುತ್ತೇವೆ, ಮೊಸರಿನ ಮೇಲೆ ನಿಂತ ನೀರನ್ನು ಕೊಡಲ್ಲ ಅಲ್ವಾ? ಇಲ್ಲಿ ಕಲ್ಲೇ ಹೆಪ್ಪು.

ಹಾಗಂತ ಹಳೇ ನೀರು ಬೇಡವೇ ಬೇಡ ಅಂತಲ್ಲ. ಅರ್ಧದಷ್ಟು ಒಯ್ಯಿರಿ. ಮೀನು ಮತ್ತು ಕಲ್ಲು ಪ್ರಯಾಣ ಮಾಡುವುದು ಅದರಲ್ಲೇ. ಮೇಲಿನ ತಿಳಿ ನೀರನ್ನು, ಮರಳಿಗೆ ಕೈ ಹಾಕುವ ಮೊದಲೇ, ಪೈಪ್ ಹಾಕಿ ಇಳಿಸಿಕೊಳ್ಳಿ. ತಳದ ಬಗ್ಗಡ ಬೇಡ.

ನೀವು ಕೇಳದೆ ಬಿಟ್ಟ ಪ್ರಶ್ನೆಯೇ ನಿಜವಾದ ಅಪಾಯ: ಹಳೇ ಮರಳು.

ಇದನ್ನು ನಾನು ಕಲಿತದ್ದು ಒಂದು ಮೀನು ಕಳೆದುಕೊಂಡು. ಮೊದಲ ಸಲ ಮನೆ ಬದಲಾಯಿಸಿದಾಗ ಕಲ್ಲು, ಮೀನು ಎಲ್ಲ ಸರಿಯಾಗಿ ತೆಗೆದೆ. ಮರಳು ತೆಗೆಯಲು ಸೋಮಾರಿತನ. ಎರಡು ಇಂಚು ನೀರಿನ ಜೊತೆ ಅದನ್ನು ಟ್ಯಾಂಕಿನಲ್ಲೇ ಬಿಟ್ಟು ಗಾಡಿ ಹತ್ತಿಸಿದೆ. ದಾರಿಯುದ್ದಕ್ಕೂ ಹಂಪ್. ಹೊಸ ಮನೆಯಲ್ಲಿ ಇಳಿಸಿದಾಗ ಕೊಳೆತ ಮೊಟ್ಟೆಯ ವಾಸನೆ. ಬಿಳಿ ಮರಳಿನ ಅಡಿಯಿಂದ ಕಪ್ಪು ಪದರ ಮೇಲೆ ಬಂದಿತ್ತು. ಫಿಲ್ಟರ್ ಓಡಿದರೆ ಸರಿಹೋಗುತ್ತದೆ ಅಂದುಕೊಂಡು ನೀರು ತುಂಬಿ ಮೀನು ಬಿಟ್ಟೆ. ಬೆಳಗ್ಗೆ ಎದ್ದು ನೋಡಿದರೆ ಒಂದು ಮೀನು ಮೂಲೆಯಲ್ಲಿ ಮಗ್ಗುಲಾಗಿ ಬಿದ್ದಿತ್ತು, ಉಳಿದವು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು.

ಆಗಿದ್ದು ಇಷ್ಟೇ. ಮರಳಿನ ಕೆಳಪದರಕ್ಕೆ ಆಮ್ಲಜನಕ ಹೋಗುವುದಿಲ್ಲ. ವರ್ಷಗಟ್ಟಲೆ ಇಳಿದ ಹಿಕ್ಕೆ, ತಿಂಡಿ ಅಲ್ಲಿ ಕೊಳೆಯುತ್ತದೆ, ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕೆದಕದೆ ಇದ್ದರೆ ಅದರ ಪಾಡಿಗೆ ಅದು ಇರುತ್ತದೆ. ಕೆದಕಿದರೆ ಆ ವಿಷ, ಅದರ ಜೊತೆ ಅಮೋನಿಯಾ, ಎರಡೂ ಒಟ್ಟಿಗೆ ನೀರಿಗೆ ಬರುತ್ತವೆ. ಉಪ್ಪುನೀರಿನಲ್ಲಿ ಇನ್ನೊಂದು ಕಷ್ಟ ಇದೆ. ನಮ್ಮ ನೀರಿನ ಪಿಎಚ್ 8.2ರ ಸುತ್ತ ಇರಬೇಕು. ಪಿಎಚ್ 7 ಇರುವ ಸಿಹಿನೀರಿಗೆ ಹೋಲಿಸಿದರೆ, ಅಷ್ಟೇ ಅಮೋನಿಯಾದಲ್ಲಿ ವಿಷದ ರೂಪದಲ್ಲಿರುವ ಪಾಲು ಇಲ್ಲಿ ಹತ್ತು ಪಟ್ಟಿಗೂ ಜಾಸ್ತಿ. ಗೋಲ್ಡ್‌ಫಿಷ್ ತಡೆದುಕೊಳ್ಳುವ ತಪ್ಪನ್ನು ಟ್ಯಾಂಗ್ ತಡೆದುಕೊಳ್ಳುವುದಿಲ್ಲ.

ಮೂರು ವರ್ಷದ ಮರಳು ಅಂದರೆ ನನ್ನ ಸಲಹೆ ಒಂದೇ: ಹೊಸ ಮರಳು ಹಾಕಿ. ಹಳೆಯದರ ಮೇಲ್ಭಾಗದಿಂದ ಮಾತ್ರ ಒಂದೆರಡು ಲೋಟದಷ್ಟು ಮೆಲ್ಲಗೆ ತೆಗೆದಿಟ್ಟುಕೊಳ್ಳಿ, ಹೊಸ ಮರಳಿನ ಮೇಲೆ ಉದುರಿಸಬಹುದು. ಹಳೇ ಮರಳೇ ಬೇಕು ಅಂದರೆ ಅಕ್ಕಿ ತೊಳೆದ ಹಾಗೆ ತೊಳೆಯಿರಿ, ಕೊನೆಯ ನೀರು ತಿಳಿಯಾಗುವ ತನಕ. ಬ್ಯಾಕ್ಟೀರಿಯಾ ಹೋಗುತ್ತವೆ, ಹೋಗಲಿ. ಕಲ್ಲಿನಲ್ಲಿ ಬೇಕಾದಷ್ಟಿವೆ.

ಇನ್ನು ಹೊಸ ನೀರು. ಕೋಲಾರದಲ್ಲಿ ಇದೇ ದೊಡ್ಡ ತಲೆನೋವು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಎಷ್ಟೋ ಊರುಗಳಲ್ಲಿ ಫ್ಲೋರೈಡ್ ಬೇರೆ. ಅದಕ್ಕೆ ಸಮುದ್ರದ ಉಪ್ಪು ಬೆರೆಸಿದರೆ ಆಗುವುದು ಸಮುದ್ರವಲ್ಲ. ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ತರುತ್ತೀರಾದರೆ ನೀರಿನಲ್ಲಿ ಕರಗಿರುವ ಲವಣ ಅಳೆಯುವ ಟಿಡಿಎಸ್ ಮೀಟರ್ ಹಾಕಿ ನೋಡಿ. ಕುಡಿಯಲು ಚೆನ್ನಾಗಿರುವ ನೀರಿಗೆ ಸೊನ್ನೆ ಬರುವುದಿಲ್ಲ. ಆ ನೀರನ್ನು ಡಿಐ ರೆಸಿನ್ (ಉಳಿದ ಲವಣಗಳನ್ನು ಹಿಡಿದುಕೊಳ್ಳುವ ಸಣ್ಣ ಹರಳುಗಳು) ಮೂಲಕ ಹಾಯಿಸಿ ಸೊನ್ನೆಗೆ ತನ್ನಿ. ಹೊಸ ಮನೆಯ ಸಂಪಿನ ನೀರಂತೂ ಬೇಡ. ಹೊಸ ಸಿಮೆಂಟು ನೀರಿಗೆ ಸುಣ್ಣದ ಅಂಶ ಬಿಡುತ್ತಲೇ ಇರುತ್ತದೆ, ಪಿಎಚ್ ಏರುತ್ತದೆ.

ಸುಮಾರು 120 ಲೀಟರ್ ಹೊಸ ಉಪ್ಪುನೀರು ಬೇಕಾಗಬಹುದು. ಲೀಟರಿಗೆ 35ರಿಂದ 40 ಗ್ರಾಂ ಲೆಕ್ಕದಲ್ಲಿ ನಾಲ್ಕೂವರೆ ಕಿಲೋ ಹತ್ತಿರ ಅಕ್ವೇರಿಯಂ ಉಪ್ಪು. ಅಡುಗೆ ಉಪ್ಪಲ್ಲ. ಹಿಂದಿನ ದಿನವೇ ಡ್ರಮ್ಮಿನಲ್ಲಿ ಬೆರೆಸಿ, ಪವರ್‌ಹೆಡ್ (ನೀರು ತಿರುಗಿಸುವ ಸಣ್ಣ ಪಂಪ್) ಹಾಕಿ ಒಂದು ದಿನ ತಿರುಗಲು ಬಿಡಿ. ಉಪ್ಪು ಎಷ್ಟಿದೆ ಅಂತ ತೋರಿಸುವ ಸಾಪೇಕ್ಷ ಸಾಂದ್ರತೆ 1.025, ಅಥವಾ ನಿಮ್ಮ ಹಳೇ ನೀರಿನಲ್ಲಿ ಎಷ್ಟಿದೆಯೋ ಅಷ್ಟೇ ಇರಲಿ. ಅಳೆಯುವ ಉಪಕರಣ ಎರಡಕ್ಕೂ ಒಂದೇ ಇರಲಿ, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಡ್ರಮ್ ಯಾವುದಕ್ಕೂ ಬಳಸದ್ದಾಗಿರಲಿ, ಫಿನಾಯಿಲ್ ಡ್ರಮ್ ಎಷ್ಟು ತೊಳೆದರೂ ಫಿನಾಯಿಲ್ ಡ್ರಮ್ಮೇ. ಮನೆಯಲ್ಲಿ ದೊಡ್ಡ ತಾಮ್ರದ ಹಂಡೆ ಇದೆ ಅಂತ ಅದರಲ್ಲಿ ಬೆರೆಸಬೇಡಿ. ತಾಮ್ರ ಸ್ವಲ್ಪ ಕರಗಿದರೂ ಸೀಗಡಿ ಉಳಿಯುವುದಿಲ್ಲ.

ದಿನ ಯಾವುದು? ಪಂಚಾಂಗ ನೋಡಿ ಗೃಹಪ್ರವೇಶ ಇಟ್ಟಿರುತ್ತೀರಿ. ಅವತ್ತು ಟ್ಯಾಂಕ್ ಬೇಡ. ಹೋಮದ ಹೊಗೆ, ಹೊಸ ಬಣ್ಣದ ವಾಸನೆ, ಊರಿನವರೆಲ್ಲ ಟ್ಯಾಂಕಿನ ಮುಂದೆ. ಏರ್ ಪಂಪ್ ಮತ್ತು ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ಮನೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತವೆ. ಗಾಳಿಯಲ್ಲಿ ಏನಿದೆಯೋ ಅದು ನೀರಿಗೂ ಬರುತ್ತದೆ. ಹಾಲು ಉಕ್ಕಿಸಿ, ನೆಂಟರನ್ನು ಕಳಿಸಿ, ಒಂದು ವಾರ ಕಿಟಕಿ ತೆರೆದಿಟ್ಟು, ಆಮೇಲೆ ಮೀನು ಬರಲಿ. ಅಲ್ಲಿಯವರೆಗೆ ಹಳೇ ಮನೆಯ ಕೀ ಕೊಡಬೇಡಿ, ಮಾಲೀಕರನ್ನು ಒಂದು ವಾರ ಜಾಸ್ತಿ ಕೇಳಿ. ಹೊಸ ಮನೆಗೆ ಇನ್ನೂ ಟೆಂಪರರಿ ಕರೆಂಟೇ ಇದ್ದರೆ, ಅದು ನೀರು ತಣ್ಣಗಿಡುವ ಚಿಲ್ಲರನ್ನು ಎಳೆಯುತ್ತದಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ಖಚಿತ ಮಾಡಿಕೊಳ್ಳಿ.

ಜಾಗದ ವಿಷಯದಲ್ಲಿ ಮನೆಯ ಹಿರಿಯರು ಈಶಾನ್ಯ ಮೂಲೆ ಅನ್ನುತ್ತಾರೆ. ಇರಲಿ, ನನಗೇನೂ ತಕರಾರಿಲ್ಲ. ಆದರೆ ಅಲ್ಲಿ ಪೂರ್ವದ ಕಿಟಕಿ ಇದ್ದರೆ ಬೆಳಗಿನ ಬಿಸಿಲು ನೇರ ಬೀಳುತ್ತದೆ, ಪಾಚಿ ಬರುತ್ತದೆ, ದಪ್ಪ ಪರದೆ ಹಾಕಿ. ಸ್ಟ್ಯಾಂಡ್ ಮಟ್ಟ ಇದೆಯಾ ಅಂತ ಗಾರೆ ಕೆಲಸದವರ ಲೆವೆಲ್ ಪೈಪಿನಲ್ಲಿ ನೋಡಿಸಿ.

ಕೆಲಸದ ಕ್ರಮದಲ್ಲಿ ಬಹಳ ಜನ ತಪ್ಪುವುದು ಮೀನು ಹಿಡಿಯುವಾಗ. ತುಂಬಿದ ಟ್ಯಾಂಕಿಗೆ ಬಲೆ ಹಾಕಿ ಅರ್ಧ ಗಂಟೆ ಅಟ್ಟಾಡಿಸುತ್ತಾರೆ. ಮೀನಿಗೂ ಸುಸ್ತು, ಮನುಷ್ಯನಿಗೂ ಸುಸ್ತು. ಮೊದಲು ನೀರು ಇಳಿಸಿ, ಆಮೇಲೆ ಕಲ್ಲು ತೆಗೆಯಿರಿ. ನೀರು ಒಂದು ಗೇಣಿಗೆ ಬಂದಾಗ, ಅಡಗಲು ಜಾಗವೇ ಇಲ್ಲದಾಗ, ಮೀನು ತಾನಾಗಿ ಸಿಗುತ್ತದೆ. ಪ್ರತಿ ಕಲ್ಲನ್ನೂ ತೆಗೆಯುವಾಗ ಟಬ್ಬಿನ ಮೇಲೆ ಸ್ವಲ್ಪ ಹೊತ್ತು ಹಿಡಿಯಿರಿ. ಸೀಗಡಿಯೋ ಡ್ಯಾಮ್ಸೆಲ್ಲೋ ತೂತಿನೊಳಗಿದ್ದರೆ ಕೆಳಗೆ ಬೀಳುತ್ತದೆ. ಕಲ್ಲು ಜೋಡಿಸಿದ್ದು ಹೇಗೆ ಅಂತ ಮೊದಲೇ ಒಂದು ಫೋಟೋ ತೆಗೆದಿರಿ.

ಕಲ್ಲು ಪೂರ್ತಿ ಉಪ್ಪುನೀರಿನಲ್ಲಿ ಮುಳುಗಿಯೇ ಇರಲಿ. ಒಣಗಿದರೆ ಅದರಲ್ಲಿರುವ ಜೀವ ಸಾಯುತ್ತದೆ, ಸತ್ತದ್ದೆಲ್ಲ ಮತ್ತೆ ಅಮೋನಿಯಾ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ಇದ್ದರೆ ಹಾಗೇ ಮುಚ್ಚಿ ಒಯ್ಯಬೇಡಿ. ಒಳಗೆ ನೀರು ನಿಂತರೆ ಕೆಲವೇ ಗಂಟೆಗಳಲ್ಲಿ ಆಮ್ಲಜನಕ ಮುಗಿದು ನಾರುತ್ತದೆ. ಸ್ಪಂಜು, ಸೆರಾಮಿಕ್ ಚೂರುಗಳನ್ನು ಹಳೇ ನೀರಿನ ಬಕೆಟಿಗೆ ಹಾಕಿಡಿ.

ಮೀನಿಗೆ ಹಿಂದಿನ ದಿನವೇ ತಿಂಡಿ ನಿಲ್ಲಿಸಿ. ಮುಚ್ಚಳದ ಬಕೆಟಿನಲ್ಲಿ ಅರ್ಧ ನೀರು, ಬ್ಯಾಟರಿಯ ಏರ್ ಪಂಪ್. ಕ್ಲೌನ್ ಜೋಡಿ ಒಂದರಲ್ಲಿ ಇರಲಿ, ಉಳಿದವಕ್ಕೆ ಬೇರೆ ಬೇರೆ. ಡ್ಯಾಮ್ಸೆಲ್ ಜಗಳಗಂಟಿ. ಟ್ಯಾಂಗಿನ ಬಾಲದ ಬುಡದಲ್ಲಿ ಬ್ಲೇಡಿನಂಥ ಮುಳ್ಳು ಇರುತ್ತದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ, ಕವರ್ ಹರಿಯುತ್ತದೆ. ಅದನ್ನು ಡಬ್ಬಿಯಲ್ಲಿ ಮೊಗೆದುಕೊಳ್ಳಿ. ಬಕೆಟ್ ಉರುಳದಿರಲು ಕೋಲಾರದವರಿಗೆ ನಾನು ಹೇಳಿಕೊಡಬೇಕಾ? ಟೊಮೆಟೊ ಕ್ರೇಟ್. ಬಕೆಟನ್ನು ಅದರೊಳಗಿಟ್ಟು ಸುತ್ತ ಹಳೇ ಟವೆಲ್ ತುರುಕಿದರೆ ಟಾಟಾ ಏಸ್ ಎಷ್ಟು ಕುಣಿದರೂ ಅಲುಗಲ್ಲ. ಕ್ರೇಟನ್ನು ಚೆನ್ನಾಗಿ ತೊಳೆದು ಒಣಗಿಸಿಯೇ ಬಳಸಿ. ಅದರಲ್ಲಿ ಹೊಲದ ಔಷಧಿಯ ಅಂಶ ಇದ್ದು, ಒಂದು ಹನಿ ನೀರಿಗೆ ಬಿದ್ದರೂ ಸೀಗಡಿಗೆ ಕಷ್ಟ. ಬೇಸಿಗೆಯಾದರೆ ಬೆಳಗ್ಗೆ ಬೇಗ ಹೊರಡಿ. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಆಮ್ಲಜನಕ ಹಿಡಿಯುತ್ತದೆ, ಬಿಸಿಯಾದರೆ ಇನ್ನೂ ಕಡಿಮೆ.

ನಿಮ್ಮ ಪ್ರಶ್ನೆಯಲ್ಲಿ ಹವಳದ ಮಾತಿಲ್ಲ, ಒಳ್ಳೆಯದಾಯಿತು. ಗಟ್ಟಿ ಹವಳ ಮತ್ತು ಸಮುದ್ರಕುದುರೆಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು. ಹುಲಿ ಇರುವ ಪಟ್ಟಿ ಅದು. ಹೊಸ ಮನೆಗೆ ಕಾಣಿಕೆ ಅಂತ ಯಾರಾದರೂ ತಂದುಕೊಟ್ಟರೂ ಬೇಡ ಅನ್ನಿ.

ಹೊಸ ಮನೆಯಲ್ಲಿ ಕಲ್ಲನ್ನು ಗಾಜಿನ ಮೇಲೆಯೇ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಿರಿ. ಮರಳಿನ ಮೇಲೆ ಕಲ್ಲಿಟ್ಟರೆ ಮುಂದೆ ಕುಸಿಯುತ್ತದೆ. ಪಂಪ್, ಫಿಲ್ಟರ್ ಓಡಿಸಿ, ಉಷ್ಣತೆ 26 ಡಿಗ್ರಿ ಹತ್ತಿರ ಬಂದ ಮೇಲೆ ಮೀನು. ಹಳೇ ನೀರಿನ ಬಕೆಟಿಗೆ ಟ್ಯಾಂಕಿನ ನೀರನ್ನು ಒಂದೊಂದೇ ಲೋಟ ಸೇರಿಸುತ್ತಾ ಅರ್ಧ ಗಂಟೆ ಕೊಡಿ. ಅವತ್ತು ಲೈಟ್ ಬೇಡ. ನೀರು ಸ್ವಲ್ಪ ಮಬ್ಬಾಗಿದ್ದರೆ ಗಾಬರಿ ಬೇಡ, ಹೊಸ ಮರಳಿನ ಪುಡಿ ಅದು, ಇಳಿಯುತ್ತದೆ. ವಾಸನೆ ಬಂದರೆ ಮಾತ್ರ ಗಾಬರಿಯಾಗಿ.

ಮೊದಲ ಎರಡು ವಾರ ದಿನಾ ಅಮೋನಿಯಾ ನೋಡಿ, ತಿಂಡಿ ಎಂದಿನ ಅರ್ಧ ಹಾಕಿ. ಬೆರೆಸಿದ ಉಪ್ಪುನೀರು 40-50 ಲೀಟರ್ ಯಾವಾಗಲೂ ಪಕ್ಕದಲ್ಲಿರಲಿ. ಅಮೋನಿಯಾ ಕಾಣಿಸಿದ ತಕ್ಷಣ ಅಷ್ಟು ನೀರು ಬದಲಾಯಿಸಿ, ನಾಳೆಗೆ ಮತ್ತೆ ಬೆರೆಸಿಡಿ. ಇವತ್ತೇ ಮಾಡಬೇಕಾದ ಕೆಲಸ ಒಂದಿದೆ: ಟೆಸ್ಟ್ ಕಿಟ್ಟಿನ ಬಾಟಲಿ ತಿರುಗಿಸಿ ಎಕ್ಸ್‌ಪೈರಿ ದಿನಾಂಕ ನೋಡಿ. ಮೂರು ವರ್ಷದ ಹಿಂದೆ ಟ್ಯಾಂಕಿನ ಜೊತೆ ಕೊಂಡ ಕಿಟ್ಟಾಗಿದ್ದರೆ ಅದರ ಅವಧಿ ಮುಗಿದಿರಬಹುದು. ಹೊಸದು ತರಿಸಿಕೊಳ್ಳಲು ಕೆಲವು ದಿನ ಬೇಕು.