ಕೊಕ್ಕರೆಗೆ ತಟ್ಟೆಯಲ್ಲಿ ಹಾಲು: ‘ಎಲ್ಲರಿಗೂ ಒಂದೇ ಅಳತೆ’ ಪಾಠದ ಟಿಪ್ಪಣಿ

ಕೆಲಸಕ್ಕೆ, ಬಡ್ತಿಗೆ ಎಲ್ಲರಿಗೂ ಒಂದೇ ಪರೀಕ್ಷೆ ಇಟ್ಟರೆ ಅದು ನ್ಯಾಯವೇ? ಇದೇ ಈ ಪಾಠದ ಪ್ರಶ್ನೆ, ಅಮೆರಿಕದ ಕೇಸುಗಳೂ ನಮ್ಮವೂ ಇದರಲ್ಲಿ ಬರುತ್ತವೆ. ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ಹಾಸನದಲ್ಲಿ “ಅವರು ಯಾವ ಜನಾಂಗ?” ಅಂತ ಕೇಳಿದರೆ ಜಾತಿ ಕೇಳಿದ ಹಾಗೆ. ಅಮೆರಿಕದ ಪಾಠದಲ್ಲಿ ಬರುವ ಜನಾಂಗ ಅದಲ್ಲ. ಅಲ್ಲಿ ಮುಖ್ಯವಾಗಿ ಕಪ್ಪು–ಬಿಳಿಯ ಮಾತು, ಅದರ ಹಿಂದೆ ಗುಲಾಮಗಿರಿಯ ಚರಿತ್ರೆ. ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಇದಕ್ಕೆ ‘ಮೂಲವಂಶ’ ಅನ್ನುತ್ತಾರೆ, ‘ಜಾತಿ’ ಬೇರೆಯಾಗಿಯೇ ಇದೆ. ಉತ್ತರ ಬರೆಯುವಾಗ ಎರಡನ್ನೂ ಕಲಸಬೇಡಿ.

ನಮ್ಮ ಓದುವ ಗುಂಪಿನಲ್ಲಿ ಈ ಪಾಠ ಬಂದಾಗಲೆಲ್ಲ ಜಗಳ. ಲೈಬ್ರರಿ ಬಾಗಿಲು ಹಾಕಿದ ಮೇಲೆ ಟೀ ಅಂಗಡಿ ಮುಂದೆ ಮುಂದುವರಿಯುತ್ತದೆ. “ಪರೀಕ್ಷೆ ಎಲ್ಲರಿಗೂ ಒಂದೇ ಇದ್ದಮೇಲೆ ಅನ್ಯಾಯ ಎಲ್ಲಿಂದ ಬಂತು?” ಅಂತ ಅರಕಲಗೂಡಿನ ಗೆಳೆಯ. “ಯಾರು ಎಲ್ಲಿ ಕೂತಿದ್ದಾರೆ ನೋಡು, ಗೊತ್ತಾಗುತ್ತೆ” ಅಂತ ಸಕಲೇಶಪುರ ಕಡೆಯ ಗೆಳತಿ. ಅವಳ ಅಪ್ಪ ಕಾಫಿ ತೋಟದಲ್ಲಿ ಮೇಸ್ತ್ರಿ. ಇಬ್ಬರೂ ಒಂದು ಪ್ರಶ್ನೆ ಬಿಟ್ಟುಬಿಡುತ್ತಾರೆ ಅಂತ ನನಗೆ ಅನಿಸುತ್ತದೆ. ಆ ಪರೀಕ್ಷೆ ಅಳೆಯುತ್ತಿರುವುದು ಆ ಕೆಲಸವನ್ನೇನಾ?

ಇದನ್ನು ಚೆನ್ನಾಗಿ ಕಲಿಸುವುದು ಗ್ರಿಗ್ಸ್ ವಿರುದ್ಧ ಡ್ಯೂಕ್ ಪವರ್ ಕೇಸು, 1971. ಉತ್ತರ ಕೆರೊಲಿನಾದ ಒಂದು ವಿದ್ಯುತ್ ಸ್ಥಾವರ. ಐದು ವಿಭಾಗ. ಕಪ್ಪು ನೌಕರರಿಗೆ ಕೂಲಿ ವಿಭಾಗ ಮಾತ್ರ. ಅಲ್ಲಿನ ಅತಿ ಹೆಚ್ಚು ಸಂಬಳ ಉಳಿದ ನಾಲ್ಕು ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತ ಕೆಳಗೆ! ಕೆಲಸದಲ್ಲಿ ಭೇದ ಮಾಡಬಾರದು ಎನ್ನುವ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಭಾಗ ಜಾರಿಗೆ ಬಂದದ್ದು 1965ರ ಜುಲೈ 2ರಂದು. ಅದೇ ದಿನ ಕಂಪನಿ ಹೊಸ ನಿಯಮ ತಂದಿತು. ಒಳ್ಳೆಯ ವಿಭಾಗಕ್ಕೆ ಹೊಸದಾಗಿ ಸೇರಬೇಕಾದರೆ ಹೈಸ್ಕೂಲು ಮುಗಿಸಿದ್ದರೆ ಸಾಲದು, ಎರಡು ಲಿಖಿತ ಪರೀಕ್ಷೆಗಳೂ ಪಾಸಾಗಬೇಕು. ಬಣ್ಣದ ಹೆಸರೇ ಇಲ್ಲ. ನಿಯಮ ಎಲ್ಲರಿಗೂ ಒಂದೇ.

ಈಗ 1960ರ ಜನಗಣತಿ ನೋಡಿ. ಆ ರಾಜ್ಯದಲ್ಲಿ ಹೈಸ್ಕೂಲು ಮುಗಿಸಿದ್ದ ಬಿಳಿ ಗಂಡಸರು ಶೇ. 34, ಕಪ್ಪು ಗಂಡಸರು ಶೇ. 12. ಬಣ್ಣಕ್ಕೊಂದು ಶಾಲೆ ಇದ್ದ ಕಾಲ ಅದು. ಇದಕ್ಕಿಂತ ದೊಡ್ಡ ಅಂಶ ಇನ್ನೊಂದಿದೆ, ಬಹಳ ನೋಟ್ಸ್‌ಗಳಲ್ಲಿ ಇದೇ ಬಿಟ್ಟುಹೋಗಿರುತ್ತದೆ. ಹೈಸ್ಕೂಲು ಮುಗಿಸದೆ ಮೊದಲೇ ಸೇರಿದ್ದ ಬಿಳಿ ನೌಕರರು ಅದೇ ವಿಭಾಗಗಳಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರು. ಅಂದರೆ ಆ ಸರ್ಟಿಫಿಕೇಟಿಗೂ ಆ ಕೆಲಸಕ್ಕೂ ಸಂಬಂಧವೇ ಇರಲಿಲ್ಲ.

ತೋಟದ ಲೆಕ್ಕದಲ್ಲಿ ಹೇಳುತ್ತೇನೆ. ನಾಳೆಯಿಂದ ಮೇಸ್ತ್ರಿ ಆಗಬೇಕಾದರೆ ಪಿಯುಸಿ ಆಗಿರಬೇಕು ಅಂತ ಮಾಲೀಕರು ಹೇಳಿದರು ಅಂದುಕೊಳ್ಳಿ. ಈಗಿರುವ ಮೇಸ್ತ್ರಿಗಳಲ್ಲಿ ಯಾರೂ ಪಿಯುಸಿ ಓದಿಲ್ಲ, ಆದರೂ ಹಣ್ಣು ಕೊಯ್ಲು ನಿಂತಿಲ್ಲ. ಲೈನ್ ಮನೆಯ, ಅಂದರೆ ತೋಟದ ಕೂಲಿಗಳ ಮನೆಯ, ಮಕ್ಕಳಿಗೆ ಮಾತ್ರ ದಾರಿ ಮುಚ್ಚಿತು. ನಿಯಮ ಎಲ್ಲರಿಗೂ ಒಂದೇ ತಾನೆ?

ಗ್ರಿಗ್ಸ್ ಮತ್ತಿತರ ಕಪ್ಪು ನೌಕರರು ಕೋರ್ಟಿಗೆ ಹೋದರು, ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಅಲ್ಲಿನ ಮುಖ್ಯ ನ್ಯಾಯಮೂರ್ತಿ ಬರ್ಗರ್ ತೀರ್ಪಿನಲ್ಲಿ ನರಿ–ಕೊಕ್ಕರೆ ಕತೆ ತಂದರು. ನಾವೆಲ್ಲ ಪ್ರೈಮರಿಯಲ್ಲಿ ಓದಿದ್ದೇ. ಇಬ್ಬರಿಗೂ ಹಾಲು ಇಟ್ಟರೆ ಸಾಲದು, ಇಬ್ಬರೂ ಕುಡಿಯುವಂಥ ಪಾತ್ರೆ ಬೇಕು ಎನ್ನುವುದು ಸಾರ. ಕಂಪನಿಯ ಉದ್ದೇಶ ಕೆಟ್ಟದ್ದಿರಲಿಲ್ಲ ಅಂತಾದರೂ ಅದು ನೆಪವಾಗುವುದಿಲ್ಲ, ಪರೀಕ್ಷೆಗೂ ಕೆಲಸಕ್ಕೂ ಇರುವ ನಂಟನ್ನು ಕಂಪನಿಯೇ ತೋರಿಸಬೇಕು. ಆದರೆ ಗಮನಿಸಿ, ಪರೀಕ್ಷೆಯೇ ಬೇಡ ಅಂತ ಕೋರ್ಟ್ ಹೇಳಲಿಲ್ಲ. ಅರ್ಹತೆ ಇಲ್ಲದವರಿಗೆ ಕೆಲಸ ಕೊಡಿ ಅಂತಲೂ ಹೇಳಲಿಲ್ಲ.

ಉಲ್ಟಾ ಕಡೆಯ ಕೇಸು 2009ರ ರಿಚಿ ವಿರುದ್ಧ ಡಿಸ್ಟೆಫಾನೊ. ಅಮೆರಿಕದ ನ್ಯೂ ಹೇವನ್ ನಗರದ ಅಗ್ನಿಶಾಮಕ ದಳದ ಬಡ್ತಿ ಪರೀಕ್ಷೆ. ಕೂಡಲೇ ಬಡ್ತಿ ಸಿಗುವವರಲ್ಲಿ ಕಪ್ಪು ಸಿಬ್ಬಂದಿ ಒಬ್ಬರೂ ಇಲ್ಲ ಅಂತ ಕಂಡಾಗ ನಗರಾಡಳಿತ ಫಲಿತಾಂಶವನ್ನೇ ಕೈಬಿಟ್ಟಿತು. ಓದಿ ಪಾಸಾದವರು ಕೋರ್ಟಿಗೆ ಹೋಗಿ 5–4ರಲ್ಲಿ ಗೆದ್ದರು. ದಾವೆ ಬೀಳಬಹುದು ಎನ್ನುವ ಭಯವೊಂದೇ ಸಾಲದು, ಪರೀಕ್ಷೆ ದೋಷದ್ದು ಎನ್ನಲು ಬಲವಾದ ಆಧಾರ ಬೇಕು ಎಂದಿತು ಕೋರ್ಟ್. ನಿಜ ಹೇಳಬೇಕೆಂದರೆ ಈ ತೀರ್ಪು ಓದಿದಾಗ ಅರಕಲಗೂಡಿನವನ ಮುಂದೆ ನಾನು ಸ್ವಲ್ಪ ತಣ್ಣಗಾದೆ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಕೇರಳ ಸರ್ಕಾರ ವಿರುದ್ಧ ಎನ್.ಎಂ. ಥಾಮಸ್. ಪುಸ್ತಕಗಳಲ್ಲಿ 1976 ಅಂತಿರುತ್ತದೆ, ತೀರ್ಪು ಬಂದದ್ದು 1975ರ ಸೆಪ್ಟೆಂಬರ್‌ನಲ್ಲಿ. ಗುಮಾಸ್ತರ ಬಡ್ತಿಗೆ ಇಲಾಖಾ ಪರೀಕ್ಷೆ ಪಾಸಾಗಬೇಕಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೇರಳ ಎರಡು ವರ್ಷ ಹೆಚ್ಚು ಕಾಲಾವಕಾಶ ಕೊಟ್ಟಿತು. ಪರೀಕ್ಷೆ ಮನ್ನಾ ಆಗಲಿಲ್ಲ, ಗಡುವು ಮುಂದಕ್ಕೆ ಹೋಯಿತು ಅಷ್ಟೆ. ಇಲ್ಲೇ ಜಾಸ್ತಿ ಜನ ತಪ್ಪು ಬರೆಯುತ್ತಾರೆ. ಪರೀಕ್ಷೆ ಪಾಸಾಗಿಯೂ ಬಡ್ತಿ ಸಿಗದ ಥಾಮಸ್ ಹೈಕೋರ್ಟಿನಲ್ಲಿ ಗೆದ್ದರು, ಸುಪ್ರೀಂ ಕೋರ್ಟಿನಲ್ಲಿ ಸೋತರು. ಸರ್ಕಾರಿ ಕೆಲಸದಲ್ಲಿ ಎಲ್ಲರಿಗೂ ಸಮಾನ ಅವಕಾಶ ಎನ್ನುವ ಸಂವಿಧಾನದ 16(1)ನೇ ವಿಧಿಯ ಸಮಾನತೆಯೊಳಗೇ ಇಂಥ ರಿಯಾಯಿತಿಗೆ ಜಾಗವಿದೆ ಎಂದಿತು ಕೋರ್ಟ್.

ಕರ್ನಾಟಕದ್ದು ಬಿ.ಕೆ. ಪವಿತ್ರ. ಒಂದೇ ಹೆಸರಲ್ಲಿ ಎರಡು ಕೇಸು, ಹುಷಾರು. ಮೀಸಲಾತಿಯಲ್ಲಿ ಬಡ್ತಿ ಪಡೆದವರಿಗೆ ತತ್ಪರಿಣಾಮ ಜ್ಯೇಷ್ಠತೆ, ಅಂದರೆ ಆ ಬಡ್ತಿಯಿಂದ ಬಂದ ಹಿರಿತನ, ಕೊಡುವ 2002ರ ಕಾಯ್ದೆ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಕಾರಣ, ಮೀಸಲಾತಿಯವರ ಪ್ರಾತಿನಿಧ್ಯ ಕಡಿಮೆ ಇದೆ ಎಂದು ತೋರಿಸುವ ಅಂಕಿಅಂಶ ಇರಲಿಲ್ಲ. ರಾಜ್ಯ ಸರ್ಕಾರ ನೇಮಿಸಿದ ರತ್ನಪ್ರಭ ಸಮಿತಿ ಅಂಕಿಅಂಶ ಕೊಟ್ಟ ಮೇಲೆ ಬಂದ 2018ರ ಕಾಯ್ದೆ 2019ರ ಮೇನಲ್ಲಿ ಉಳಿಯಿತು. ಮೆರಿಟ್ ಅಂದರೆ ಪರೀಕ್ಷೆಯ ಅಂಕವಷ್ಟೇ ಅಲ್ಲ ಎನ್ನುವ ಮಾತು ಈ ಎರಡನೆಯದರಲ್ಲಿ ಇದೆ.

ಈ ಭಾನುವಾರ ಮತ್ತೆ ಸೇರುತ್ತೇವೆ. ಥಾಮಸ್ ಪರ ವಾದಿಸುವ ಕೆಲಸವನ್ನು ಮೇಸ್ತ್ರಿ ಮಗಳಿಗೆ ಕೊಟ್ಟಿದ್ದೇವೆ, ಗ್ರಿಗ್ಸ್ ಪರ ಅರಕಲಗೂಡಿನವನಿಗೆ. ಇಬ್ಬರೂ ಈಗಲೇ ಗೊಣಗುತ್ತಿದ್ದಾರೆ.