ಮೆಟ್ರೋ ಬಂದ ಬೀದಿಯಲ್ಲಿ ಒಂದೇ ಮನೆಗೆ ಮೂರು ಬೆಲೆ

ಸಾಲ ಕೊಡುವ ಮುಂಚೆ ಮನೆ ನೋಡಿಕೊಂಡು ಬನ್ನಿ ಅಂತ ಬ್ಯಾಂಕಿನವರು ಒಬ್ಬರನ್ನು ಕಳಿಸುತ್ತಾರಲ್ಲ, ಆ ಕೆಲಸ ನನ್ನದು. ಅಳತೆ ಮಾಡುತ್ತೇನೆ, ಫೋಟೋ ತೆಗೆಯುತ್ತೇನೆ, ಕೊನೆಗೆ ಒಂದು ಬೆಲೆ ಬರೆದುಕೊಡುತ್ತೇನೆ. ಆ ಬೆಲೆ ನೋಡಿ ಖುಷಿಪಟ್ಟವರು ಕಡಿಮೆ.

ಬೆಂಗಳೂರಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗದ ಮೆಟ್ರೋ ಶುರುವಾಗಿದ್ದು 2025ರ ಆಗಸ್ಟ್ 10ರಂದು. ಅದೇ ತಿಂಗಳ ಕೊನೆಗೆ ಬೊಮ್ಮನಹಳ್ಳಿ ಕಡೆಯ ಒಂದು ಮನೆಗೆ ಹೋಗಿದ್ದೆ. 30×40 ಸೈಟು, ಕೆಳಗೊಂದು ಮನೆ, ಮೇಲೊಂದು ಮನೆ, ಕಟ್ಟಿ 22 ವರ್ಷ. ಯಜಮಾನರು ರಿಟೈರ್ ಆದವರು. ಕಾಫಿ ಕೊಟ್ಟು, "ಸ್ಟೇಷನ್ನು ಇಲ್ಲಿಂದ ಏಳೇ ನಿಮಿಷ ಸಾರ್, ಬರ್ಕೊಳ್ಳಿ" ಅಂದರು. ನಾನು ಅಲ್ಲಿಂದಲೇ ನಡೆದು ಬಂದಿದ್ದೆ. ಹದಿನಾಲ್ಕು ನಿಮಿಷ ಹಿಡಿದಿತ್ತು. ಹಿಂದಿನ ಕೋಣೆಯ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ಒಂದು ಕ್ಯಾಲೆಂಡರ್ ನೇತುಹಾಕಿದ್ದರು. ಅಷ್ಟು ಕೆಳಗೆ ಯಾರು ಹಾಕುತ್ತಾರೆ? ಸರಿಸಿ ನೋಡಿದರೆ ತೇವ. ಇಬ್ಬರೂ ಏನೂ ಮಾತಾಡಲಿಲ್ಲ.

ಮೆಟ್ರೋ ಓಡಿದ ವಾರದಲ್ಲೇ ಅಗ್ರಿಮೆಂಟ್ ಆಗಿತ್ತು. ಬೆಲೆ 1 ಕೋಟಿ 80 ಲಕ್ಷ. ಯಾವ ಲೆಕ್ಕದಲ್ಲಿ ಅಂತ ಕೇಳಿದೆ. "ಹಿಂದಿನ ಬೀದೀಲಿ ಅಷ್ಟಕ್ಕೇ ಹೋಯ್ತಲ್ಲ" ಎಂದರು. ವಿಚಾರಿಸಿದರೆ ಆ ಮನೆ ಇನ್ನೂ ರಿಜಿಸ್ಟರ್ ಆಗಿರಲಿಲ್ಲ. ಬ್ರೋಕರ್ ಹೇಳಿದ ಮಾತು, ಅಷ್ಟೇ.

ಬೆಲೆ ಏರುವಾಗ ಬಾಯಿಮಾತಿನ ಬೆಲೆ ಮುಂದೆ ಓಡುತ್ತದೆ. ಕ್ರಯಪತ್ರದ ಬೆಲೆ ತಿಂಗಳುಗಟ್ಟಲೆ ತಡವಾಗಿ ಹಿಂದೆ ಬರುತ್ತದೆ. ನಾನು ನಂಬಬೇಕಾದದ್ದು ಎರಡನೆಯದನ್ನು. ಅದೂ ಪೂರ್ತಿ ನಿಜವಲ್ಲ ಅನ್ನುವುದು ಬೇರೆ ಮಾತು. ಒಂದಷ್ಟು ದುಡ್ಡು ಕೈಯಲ್ಲಿ ಕೊಟ್ಟು, ಪತ್ರದಲ್ಲಿ ಕಡಿಮೆ ತೋರಿಸುವ ಚಾಳಿ ಇನ್ನೂ ಹೋಗಿಲ್ಲ. ಇವತ್ತು ಹಾಗೆ ಮಾರಿದವರು ನಾಳೆ ಮಾರುವ ಪಕ್ಕದ ಮನೆಯವರ ಬೆಲೆಯನ್ನೂ ಇಳಿಸಿರುತ್ತಾರೆ. ಮೌಲ್ಯಮಾಪಕ ಕಡಿಮೆ ಬರೆದ ಅಂತ ಬೈಸಿಕೊಳ್ಳುವವನು ಮಾತ್ರ ನಾನು.

ಈ ಮನೆಗೆ 1 ಕೋಟಿ 55 ಲಕ್ಷ ಬರೆದೆ.

ಕೊಳ್ಳುವವರಿಗೆ ಇದರಿಂದ ಏನಾಯಿತು ನೋಡಿ. 75 ಲಕ್ಷ ಮೀರಿದ ಸಾಲದಲ್ಲಿ ಬ್ಯಾಂಕು ಕೊಡಬಹುದಾದದ್ದು ಬೆಲೆಯ ಶೇ 75ರವರೆಗೆ. ಬೆಲೆ ಅಂದರೆ ಅಗ್ರಿಮೆಂಟಿನದು, ನಾನು ಬರೆದದ್ದು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಅವರು 1 ಕೋಟಿ 35 ಲಕ್ಷ ಸಾಲ ಸಿಗುತ್ತದೆ ಅಂದುಕೊಂಡಿದ್ದರು. ಲೆಕ್ಕ ನಿಂತದ್ದು 1 ಕೋಟಿ 16 ಲಕ್ಷ 25 ಸಾವಿರಕ್ಕೆ. ಕೈಯಿಂದ ಇನ್ನೂ 18 ಲಕ್ಷ 75 ಸಾವಿರ ಹೊಂದಿಸಬೇಕು. ಇದರ ಮೇಲೆ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದದ್ದು ಶೇ 2 ಆಯಿತು. ಇದರ ಜೊತೆ ಮುದ್ರಾಂಕ ಶುಲ್ಕ, ಸೆಸ್ಸು, ಸರ್‌ಚಾರ್ಜು ಎಲ್ಲ ಸೇರಿ ಶೇ 7.6. ಅಂದರೆ 1 ಕೋಟಿ 80 ಲಕ್ಷಕ್ಕೆ ಹದಿಮೂರೂವರೆ ಲಕ್ಷದ ಮೇಲೆ. ಇಂಥ ಮನೆಗೆ ಬ್ಯಾಂಕು ಸಾಲದ ಲೆಕ್ಕ ಹಾಕುವಾಗ ಈ ಖರ್ಚನ್ನು ಬೆಲೆಗೆ ಸೇರಿಸುವುದಿಲ್ಲ.

"ಸಾರ್, ಸ್ವಲ್ಪ ಜಾಸ್ತಿ ಬರೀರಿ" ಅಂತ ಕೊಳ್ಳುವವರ ಫೋನ್ ಬಂತು. ಆಗಲ್ಲ ಅಂದೆ. ಅಗ್ರಿಮೆಂಟ್ ತರಿಸಿ ನೋಡಿದರೆ, 45 ದಿನದಲ್ಲಿ ರಿಜಿಸ್ಟರ್ ಆಗದಿದ್ದರೆ ಮುಂಗಡ ಐದು ಲಕ್ಷ ವಾಪಸ್ ಇಲ್ಲ ಅಂತಿತ್ತು. ಸಾಲ ಕಡಿಮೆ ಬಂದರೆ ಮುಂಗಡ ವಾಪಸ್ ಕೊಡಬೇಕು ಅನ್ನುವ ಒಂದು ಸಾಲು ಇರಲಿಲ್ಲ. ಬೆಲೆ ಓಡುತ್ತಿರುವ ಜಾಗದಲ್ಲಿ ಆ ಸಾಲಿಲ್ಲದೆ ಸಹಿ ಹಾಕಬೇಡಿ. ಮಾರುವವರು ಒಪ್ಪದಿದ್ದರೆ ಮುಂಗಡವನ್ನಾದರೂ ಚಿಕ್ಕದು ಮಾಡಿ. ಇವರಿಗೆ ಅದೃಷ್ಟವಿತ್ತು. ಯಜಮಾನರಿಗೂ ಬೇರೆ ಗಿರಾಕಿ ಬರಲಿಲ್ಲ. ಕೂತು ಮಾತಾಡಿ 1 ಕೋಟಿ 62 ಲಕ್ಷಕ್ಕೆ ಮುಗಿಸಿಕೊಂಡರು.

ಬೆಲೆ ಇಳಿಯುವ ಅಥವಾ ನಿಂತುಹೋದ ಬಡಾವಣೆಗಳ ಕಥೆ ಬೇರೆ. ಅಲ್ಲಿ ಕಾಟ ಕೊಡುವುದು ಗೈಡೆನ್ಸ್ ವ್ಯಾಲ್ಯೂ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಅದನ್ನು ಏರಿಸಿದರು. ಮಾರುಕಟ್ಟೆ ತಣ್ಣಗಾಯಿತು ಅಂತ ಅದು ತಾನಾಗಿ ಇಳಿಯುವುದಿಲ್ಲ. ಗೈಡೆನ್ಸ್ 1 ಕೋಟಿ ಇರುವ ಸೈಟನ್ನು ತುರ್ತಿಗೆ 88 ಲಕ್ಷಕ್ಕೆ ಮಾರಿದಿರಿ ಅನ್ನಿ. ಮುದ್ರಾಂಕ ಶುಲ್ಕ 1 ಕೋಟಿಯ ಮೇಲೇ ಬೀಳುತ್ತದೆ. ಆದಾಯ ತೆರಿಗೆಯವರು ನೀವು 1 ಕೋಟಿಗೇ ಮಾರಿದಿರಿ ಅಂತ ಹಿಡಿಯುತ್ತಾರೆ. ಕೊಂಡವರಿಗೂ ಆ 12 ಲಕ್ಷವನ್ನು ಆದಾಯ ಅಂತ ಸೇರಿಸುತ್ತಾರೆ. ಗೈಡೆನ್ಸ್ ಬೆಲೆ ನಿಮ್ಮ ಮಾರಾಟದ ಬೆಲೆಗಿಂತ ಶೇ 10ರವರೆಗೆ ಜಾಸ್ತಿ ಇದ್ದರೆ ಮಾತ್ರ ಆದಾಯ ತೆರಿಗೆಯ ಈ ತೊಂದರೆಯಿಲ್ಲ. ಇದೇ ಸೈಟು 91 ಲಕ್ಷಕ್ಕೆ ಹೋಗಿದ್ದರೆ ಇಬ್ಬರೂ ಪಾರು. ಮೂರು ಲಕ್ಷಕ್ಕೆ ಚೌಕಾಸಿ ಮಾಡಿ ಗೆದ್ದವರೇ ಆಮೇಲೆ ತೆರಿಗೆ ಕಟ್ಟುವುದನ್ನು ನೋಡಿದ್ದೇನೆ.

ಅಗ್ರಿಮೆಂಟ್ ಆದಮೇಲೆ, ರಿಜಿಸ್ಟ್ರೇಷನ್‌ಗೆ ಮುಂಚೆ ಗೈಡೆನ್ಸ್ ಏರಿದರೆ? ಆದಾಯ ತೆರಿಗೆಗೆ ಅಗ್ರಿಮೆಂಟ್ ದಿನದ ದರವನ್ನೇ ಹಿಡಿಯಬಹುದು. ಆದರೆ ಅಗ್ರಿಮೆಂಟ್ ದಿನದೊಳಗೆ ಮುಂಗಡ ಬ್ಯಾಂಕ್ ಮೂಲಕ ಸಂದಾಯ ಆಗಿರಬೇಕು. ನಗದಾಗಿ ಕೊಟ್ಟಿದ್ದರೆ ಈ ಅನುಕೂಲ ಸಿಗುವುದಿಲ್ಲ.